ಎದ್ದು ನಡೆಯುವ ಪಾಠ

1923ರಲ್ಲಿ ಡಾ. ಎನ್.ಎಸ್. ಹರ್ಡೀಕರರು ಕಟ್ಟಿದ, ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡಿದ್ದ ಹಿಂದೂಸ್ತಾನಿ ಸೇವಾ ದಳವು ಕವಾಯತಿನ ಮೂಲಕ ತರುಣರಲ್ಲಿ ಶಿಸ್ತನ್ನು ಬೆಳೆಸಿತು. ಆದರೆ ಮೈದಣಿಸುವುದು ಬಯಲಿನ ಕೆಲಸ, ಕಲಿಯುವುದು ಕೋಣೆಯ ಕೆಲಸ ಎಂಬ ವಿಂಗಡಣೆ ಶಾಲೆಗಳಲ್ಲಿ ಬಹುಕಾಲ ಉಳಿದುಬಂದಿತು. ಸರ್ಕಾರಿ ಶಾಲೆಗಳಲ್ಲಿ ಈ ಗೆರೆಯನ್ನು ಬಹುಮಟ್ಟಿಗೆ ಅಳಿಸಿದ ಶ್ರೇಯಸ್ಸು ನಲಿ-ಕಲಿಗೆ ಸಲ್ಲಬೇಕು. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ ಈ ಪದ್ಧತಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದಾಗ ಹುಬ್ಬಳ್ಳಿ-ಧಾರವಾಡದ ಶಾಲೆಗಳಿಗೂ ಬಂದಿತು.

ನಲಿ-ಕಲಿ ಕೋಣೆಯಲ್ಲಿ ಬೆಂಚುಗಳ ಸಾಲಿಲ್ಲ. ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ, ಎಂದರೆ ಕಲಿಯಬೇಕಾದುದನ್ನು ಮೆಟ್ಟಿಲುಗಳಾಗಿ ತೋರಿಸುವ ಪಟದಲ್ಲಿ, ತಾನು ಎಲ್ಲಿದ್ದೇನೆಂದು ನೋಡಿ, ಅದಕ್ಕೆ ಹೊಂದುವ ಕಾರ್ಡನ್ನು ತಾನೇ ಎತ್ತಿಕೊಂಡು, ಆ ಚಟುವಟಿಕೆಗೆ ನಿಗದಿಯಾದ ‘ತಟ್ಟೆ’ಗೆ, ಅಂದರೆ ನೆಲದ ಮೇಲೆ ದುಂಡಗೆ ಕುಳಿತ ಗುಂಪಿಗೆ, ನಡೆದುಹೋಗುತ್ತದೆ. ಕೆಲವು ತಟ್ಟೆಗಳಲ್ಲಿ ಶಿಕ್ಷಕರ ಬೆಂಬಲವಿದ್ದರೆ, ಕೆಲವುಗಳಲ್ಲಿ ಗೆಳೆಯರೇ ನೆರವಾಗುತ್ತಾರೆ, ಕೊನೆಯದು ಸ್ವಕಲಿಕೆಯದು. ಇಲ್ಲಿ ನಡಿಗೆಯು ಪಾಠದ ನಡುವಿನ ಬಿಡುವಲ್ಲ, ಪಾಠದ್ದೇ ಒಂದು ಹೆಜ್ಜೆ.

ಈ ಭೇದ ಮುಖ್ಯವಾದುದು. ದಣಿದ ಮಕ್ಕಳನ್ನು ಎಬ್ಬಿಸಿ ಕೈಕಾಲು ಆಡಿಸಿದರೆ ಗಮನ ಮರಳಬಹುದು, ಅದೂ ಬೇಕಾದುದೇ. ಆದರೆ ಚಲನೆಯು ಕಲಿಯುವ ವಿಷಯಕ್ಕೇ ಹೆಣೆದುಕೊಂಡಾಗ ಅದರ ಫಲ ಇನ್ನೂ ಆಳವಾದುದು. ನೆಲದ ಮೇಲೆ ಬರೆದ ಸಂಖ್ಯಾರೇಖೆಯಲ್ಲಿ ಐದರಿಂದ ಮೂರು ಮನೆ ಮುಂದಕ್ಕೆ ಜಿಗಿದ ಮಗುವಿಗೆ ಕೂಡುವುದು ದೂರವಾಗಿ ತಿಳಿಯುತ್ತದೆ, ಹಿಂದಕ್ಕೆ ಜಿಗಿದರೆ ಕಳೆಯುವುದೂ ಅಷ್ಟೇ ಸ್ಪಷ್ಟವಾಗುತ್ತದೆ. ಕುಂಟಾಬಿಲ್ಲೆ ಬಲ್ಲ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವೂ ಹೆಚ್ಚಿಲ್ಲ. ಕೋಲಾಟದ ಲಯಕ್ಕೆ ಮಗ್ಗಿಯನ್ನು ಹೊಂದಿಸಬಹುದು, ಕನ್ನಡದ ದುಂಡನೆಯ ಅಕ್ಷರಗಳನ್ನು ಮರಳಿನಲ್ಲಿ ಬೆರಳಿನಿಂದ ತಿದ್ದಿಸಬಹುದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ಭಾಷಾ ಬೋಧನಾ ಕ್ರಮದಲ್ಲಿಯೂ ಕಲಿಯುವವರು ಹೊಸ ಭಾಷೆಯ ಆಜ್ಞೆಯನ್ನು ಕೇಳಿ ಮೊದಲು ಮೈಯಿಂದ ಉತ್ತರಿಸುತ್ತಾರೆ, ಮಾತು ಆಮೇಲೆ ಬರುತ್ತದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಇದು ಸಂಕೋಚವಿಲ್ಲದ ಪ್ರವೇಶದ್ವಾರ.

ನಲಿ-ಕಲಿ ಇರುವುದು ಮೂರನೆಯ ತರಗತಿಯವರೆಗೆ ಮಾತ್ರ. ನಾಲ್ಕನೆಯದಕ್ಕೆ ಕಾಲಿಟ್ಟ ಮಗು ಸಾಮಾನ್ಯವಾಗಿ ಸಾಲಿಗೆ, ಪಠ್ಯಪುಸ್ತಕಕ್ಕೆ ಮರಳುತ್ತದೆ. ಭಿನ್ನರಾಶಿ, ಕೋನ, ನಕ್ಷೆಯ ದಿಕ್ಕುಗಳಂತಹ, ಹೆಜ್ಜೆಯಿಂದಲೇ ಚೆನ್ನಾಗಿ ಅಳೆಯಬಹುದಾದ ವಿಷಯಗಳು ಶುರುವಾಗುವ ಹೊತ್ತಿಗೇ ಅದರ ಕಾಲುಗಳು ಬೆಂಚಿನ ಕೆಳಗೆ ಸೇರಿಬಿಡುತ್ತವೆ.