ಗೆದ್ದ ತಂಡ, ಸೋತ ಬಾಜಿ

ಕಾಲ್ಚೆಂಡಾಟದ ಭವಿಷ್ಯ ನುಡಿಯುವವರು ಒಂದು ವಿಷಯದಲ್ಲಿ ಜ್ಯೋತಿಷಿಗಳಿಗಿಂತ ದುರದೃಷ್ಟವಂತರು. ಜ್ಯೋತಿಷಿಯ ಮಾತು ಸುಳ್ಳೆಂದು ತಿಳಿಯಬೇಕಾದರೆ ವರ್ಷಗಳು ಉರುಳಬೇಕು. ನಮ್ಮ ಮಾತು ಸುಳ್ಳಾಗಲು ತೊಂಬತ್ತು ನಿಮಿಷ ಧಾರಾಳವಾಗಿ ಸಾಕು. ಇಷ್ಟಿದ್ದರೂ ಕೇಳುವವರು ಕೇಳುತ್ತಾರೆ, ಹೇಳುವವರಾದ ನಾವು ಹೇಳುತ್ತೇವೆ. ಹಾಗೆ ಹೇಳಿದ ಒಂದು ಮಾತಿನ ಕಥೆಯನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಅದು 2023ನೆಯ ಇಸವಿ ಜುಲೈ 3ರ ರಾತ್ರಿ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರೋಡಿನ ಕಡೆಗೆ ತಿರುಗುವಲ್ಲಿ ನಾವು ನಿತ್ಯವೂ ಊಟ ಮಾಡುವ ಹೋಟೆಲೊಂದಿದೆ. ಹೊರಗೆ ಧಾರಾಕಾರವಾದ ಮಳೆ, ಗಿರಾಕಿಗಳು ಕರಗಿದ್ದರು. ಕುಂದಾಪುರದ ಕಡೆಯ ಸಪ್ಲಯರ್ ತರುಣನೊಬ್ಬನು ಮಜ್ಜಿಗೆಯ ಲೋಟವನ್ನಿಡುತ್ತಾ, "ಅಣ್ಣಾ, ನಾಳೆ ಬೆಂಗಳೂರಿನಲ್ಲಿ ಯಾರು ಗೆಲ್ಲುತ್ತಾರೆ?" ಎಂದು ಕೇಳಿದನು. ಮರುದಿನ ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಪಂದ್ಯಾವಳಿಯ ಅಂತಿಮ ಸ್ಪರ್ಧೆ; ಭಾರತಕ್ಕೆ ಎದುರಾಗಿ ಅತಿಥಿ ತಂಡವಾದ ಕುವೈತ್. ನಮ್ಮ ಕನ್ನಡನಾಡಿನ ನೆಲದಲ್ಲಿಯೇ ನಡೆಯುವ ಅಂತರರಾಷ್ಟ್ರೀಯ ಪಂದ್ಯವಾದ್ದರಿಂದ ಪ್ರಶ್ನೆ ಸಹಜವಾಗಿತ್ತು. ನಾವು ಬೆರಳುಗಳನ್ನು ತೊಳೆಯುವುದಕ್ಕೆ ಮೊದಲೇ ಉತ್ತರವನ್ನು ಕೊಟ್ಟುಬಿಟ್ಟೆವು: "ಭಾರತ, 2-1."

ನಮ್ಮ ತರ್ಕ ಆಧಾರರಹಿತವಾಗಿರಲಿಲ್ಲ. ವಿಶ್ವ ಶ್ರೇಯಾಂಕದಲ್ಲಿ ಭಾರತವು ನೂರರ ಆಸುಪಾಸಿನಲ್ಲಿತ್ತು, ಕುವೈತ್ ನೂರ ನಲವತ್ತರ ಆಸುಪಾಸಿನಲ್ಲಿ. ಆ ವರ್ಷ ಅಲ್ಲಿಯವರೆಗೆ ನಮ್ಮವರು ಬಿಟ್ಟುಕೊಟ್ಟ ಗೋಲು ಒಂದೇ ಒಂದು. ಅದೂ ಎದುರಾಳಿ ಹೊಡೆದದ್ದಲ್ಲ. ಜೂನ್ 27ರಂದು ಇದೇ ಕುವೈತಿನೊಡನೆ ಆಡಿದ ಲೀಗ್ ಪಂದ್ಯದ ಕೊನೆಗಳಿಗೆಯಲ್ಲಿ ಅನ್ವರ್ ಅಲಿಯ ಕಾಲಿಗೆ ತಾಗಿ ನಮ್ಮದೇ ಬಲೆಯೊಳಕ್ಕೆ ಹೋದ ಚೆಂಡದು. ಸುನೀಲ್ ಛೇತ್ರಿಯ ಗೋಲಿನಿಂದ ಮುಂದಿದ್ದ ಪಂದ್ಯ ಹೀಗೆ 1-1ರಲ್ಲಿ ಸಮವಾಗಿತ್ತು. ಪಾಕಿಸ್ತಾನವನ್ನು 4-0ರಿಂದ, ನೇಪಾಳವನ್ನು 2-0ರಿಂದ ಸೋಲಿಸಿಯಾಗಿತ್ತು. ಸ್ವದೇಶದ ಮೈದಾನ, ಸ್ವದೇಶದ ಜನ. ಇಷ್ಟೆಲ್ಲ ಅನುಕೂಲಗಳಿರುವಾಗ ಭಾರತವೆನ್ನದೆ ಇನ್ನೇನೆನ್ನುವುದು?

ಆದರೆ ಅದೇ ಕಾಗದದ ಇನ್ನೊಂದು ಮಗ್ಗುಲನ್ನು ನಾವು ಓದಬೇಕಾಗಿತ್ತು. ಕುವೈತಿನ ಶ್ರೇಯಾಂಕವು ಅದರ ಯೋಗ್ಯತೆಯ ಕನ್ನಡಿಯಾಗಿರಲಿಲ್ಲ. 1982ರ ವಿಶ್ವಕಪ್ಪಿನಲ್ಲಿ ಆಡಿದ ದೇಶವದು. 2015ರಿಂದ 2017ರವರೆಗೆ ಫಿಫಾ ಸಂಸ್ಥೆ ಅದನ್ನು ಅಮಾನತಿನಲ್ಲಿಟ್ಟಿದ್ದಿತು; ಪಂದ್ಯಗಳೇ ಇಲ್ಲದೆ ಕೆಳಕ್ಕೆ ಜಾರಿದ ತಂಡವದು, ಆಟ ಮರೆತ ತಂಡವಲ್ಲ. ಉಪಾಂತ್ಯದಲ್ಲಿ ಭಾರತ ಲೆಬನಾನಿನೊಡನೆ ನೂರಿಪ್ಪತ್ತು ನಿಮಿಷ ಆಡಿಯೂ ಗೋಲು ಕಾಣದೆ ಪೆನಾಲ್ಟಿಗಳಲ್ಲಿ 4-2ರಿಂದ ಪಾರಾಗಿತ್ತು. ಕುವೈತ್ ಸಹ ಬಾಂಗ್ಲಾದೇಶವನ್ನು ಸೋಲಿಸಲು ಹೆಚ್ಚುವರಿ ಅವಧಿಯವರೆಗೆ ಓಡಬೇಕಾಯಿತು. ಎರಡು ತಂಡಗಳ ಕಾಲುಗಳೂ ದಣಿದಿದ್ದವು. ಭಾರತದ ತರಬೇತುಗಾರ ಇಗೊರ್ ಸ್ಟಿಮಾಚ್ ಶಿಸ್ತುಕ್ರಮದ ಫಲವಾಗಿ ಮೈದಾನದಂಚಿನಲ್ಲಿ ನಿಲ್ಲುವಂತಿರಲಿಲ್ಲ. ಆ ಸ್ಥಾನದಲ್ಲಿ ಮಹೇಶ್ ಗಾವ್ಳಿ. ಆರು ದಿನಗಳ ಹಿಂದೆ ಸಮವಾಗಿ ತೂಗಿದ ಎರಡು ತಂಡಗಳು ದಣಿದ ಕಾಲುಗಳಿಂದ ಮತ್ತೆ ಆಡಿದರೆ ತಕ್ಕಡಿ ಎತ್ತ ವಾಲೀತು? ಸಮವಾಗಿಯೇ ನಿಂತೀತೆಂದು ಈಗ ಹೇಳುವುದು ಸುಲಭ.

ಮರುದಿನ ಏಳೂವರೆಗೆ ಪಂದ್ಯ ಮೊದಲಾಯಿತು. ಹದಿನಾಲ್ಕನೆಯ ನಿಮಿಷದಲ್ಲಿ ಶಬೀಬ್ ಅಲ್ ಖಾಲ್ದಿ ಗೋಲು ಹೊಡೆದನು. ಮೂವತ್ತೆಂಟನೆಯ ನಿಮಿಷದಲ್ಲಿ, ನಮ್ಮ ಮುಂಬಯಿ ಸಿಟಿ ತಂಡದ ಆಟಗಾರನೇ ಆದ ಲಾಲಿಯಂಜುವಾಲಾ ಛಾಂಗ್ಟೆ ಅದನ್ನು ಸರಿಗಟ್ಟಿದನು. ಆಮೇಲೆ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿಯೂ ಇಲ್ಲ. ಪೆನಾಲ್ಟಿಗಳಲ್ಲಿ ತಲಾ ಐದು ಹೊಡೆತಗಳು ಮುಗಿದಾಗ 4-4. ಆರನೆಯದನ್ನು ಮಹೇಶ್ ಸಿಂಗ್ ಒಳಕ್ಕೆ ಹಾಕಿದನು. ಕುವೈತಿನ ಖಾಲಿದ್ ಹಾಜಿಯಾನ ಹೊಡೆತವನ್ನು ಗುರುಪ್ರೀತ್ ಸಿಂಗ್ ಸಂಧು ಹಾರಿ ತಡೆದನು. ಭಾರತಕ್ಕೆ ಒಂಬತ್ತನೆಯ ಸಲ ಸ್ಯಾಫ್ ಕಪ್ಪು! ಹೋಟೆಲಿನಲ್ಲಿ ಗಲ್ಲೆಯ ಮೇಲಿದ್ದವರೂ ಎದ್ದು ನಿಂತರು. ಅಡುಗೆಯ ಭಟ್ಟರು ಸೌಟನ್ನು ಹಿಡಿದುಕೊಂಡೇ ಹೊರಗೆ ಬಂದರು.

ಎಲ್ಲರೂ ಕುಣಿಯುತ್ತಿರುವಾಗ ನಮ್ಮ ತರುಣನೊಬ್ಬನು ಮಾತ್ರ ಮೂಲೆಯಲ್ಲಿ ನಿಂತು ಫೋನನ್ನು ಮತ್ತೆ ಮತ್ತೆ ಒತ್ತುತ್ತಿದ್ದನು. ಸ್ವಲ್ಪ ಹೊತ್ತಿನ ಮೇಲೆ ಬಳಿಗೆ ಬಂದು, "ಅಣ್ಣಾ, ಇಂಡಿಯಾ ಗೆದ್ದಿತಲ್ಲ ಮಾರಾಯ್ರೆ! ಮತ್ತೆ ದುಡ್ಡು ಎಂತಕ್ಕೆ ಬರಲಿಲ್ಲ?" ಎಂದನು.

ನಮಗೆ ತಿಳಿಯದಂತೆ ಆತನು ನಮ್ಮ ಮಾತನ್ನು ನಂಬಿ ಫೋನಿನ ಬಾಜಿಯಲ್ಲಿ ಭಾರತದ ಮೇಲೆ ಮೂರು ಸಾವಿರ ರೂಪಾಯಿ ಹೂಡಿದ್ದನು. ಅದು ತಂಗಿಯ ಕಾಲೇಜಿನ ಫೀಸಿಗೆಂದು ಊರಿಗೆ ಕಳುಹಿಸಬೇಕಾಗಿದ್ದ ಹಣ. ಭಾರತ ಗೆದ್ದಿತು, ಹಣ ಹೋಯಿತು. ಮೋಸವಾಯಿತೆಂದು ಆತನ ದೂರು. ನಾವು ಆ ಫೋನನ್ನು ಕೈಗೆ ತೆಗೆದುಕೊಂಡು, ಇರುವೆಯಂತಹ ಅಕ್ಷರಗಳಲ್ಲಿದ್ದ ನಿಯಮಗಳನ್ನು ಓದಿದೆವು. ಮೋಸವೇನೂ ಆಗಿರಲಿಲ್ಲ, ಅದೇ ದುಃಖದ ಸಂಗತಿ. ಪಂದ್ಯದ ಫಲಿತಾಂಶದ ಮೇಲಿನ ಬಾಜಿಯು ತೊಂಬತ್ತು ನಿಮಿಷ ಮತ್ತು ಅದಕ್ಕೆ ರೆಫರಿಯು ಕೂಡಿಸುವ ನಷ್ಟಕಾಲ, ಇಷ್ಟಕ್ಕೇ ಸಂಬಂಧಪಟ್ಟದ್ದು. ಹೆಚ್ಚುವರಿ ಅವಧಿಯೂ ಪೆನಾಲ್ಟಿಯೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಕಪ್ಪನ್ನು ಯಾರು ಎತ್ತುತ್ತಾರೆಂಬುದು ಬೇರೆಯೇ ಬಾಜಿ, ಅದರ ದರವೂ ಬೇರೆ. ಬುಕ್ಕಿಯ ಖಾತೆಯಲ್ಲಿ ಅಂದಿನ ಫಲಿತಾಂಶ 1-1. ಭಾರತ ಗೆದ್ದೇ ಇಲ್ಲ.

ಇದು ಎಲ್ಲ ದೇಶಗಳ ಬುಕ್ಕಿಗಳಲ್ಲೂ ನಡೆದುಬಂದಿರುವ ವಾಡಿಕೆ. ವಿಶ್ವಕಪ್ಪಿನ ಅಂತಿಮ ಪಂದ್ಯಗಳನ್ನೇ ನೋಡಿರಿ. 2006ರಲ್ಲಿ ಇಟಲಿಯು ಗೆದ್ದದ್ದು ಪೆನಾಲ್ಟಿಯಿಂದ. 2010ರಲ್ಲಿ ಸ್ಪೇನ್, 2014ರಲ್ಲಿ ಜರ್ಮನಿ, ಇಬ್ಬರೂ ಹೆಚ್ಚುವರಿ ಅವಧಿಯ ಒಂದೇ ಗೋಲಿನಿಂದ. 2022ರಲ್ಲಿ ಅರ್ಜೆಂಟೀನಾ ಫ್ರಾನ್ಸಿನೊಡನೆ ತೊಂಬತ್ತು ನಿಮಿಷಕ್ಕೆ 2-2, ನೂರಿಪ್ಪತ್ತಕ್ಕೆ 3-3, ಬಳಿಕ ಪೆನಾಲ್ಟಿ. ಈ ಐದು ಫೈನಲ್‌ಗಳಲ್ಲಿ ತೊಂಬತ್ತು ನಿಮಿಷದೊಳಗೆ ಇತ್ಯರ್ಥವಾದದ್ದು 2018ರಲ್ಲಿ ಫ್ರಾನ್ಸ್ ಕ್ರೊಯೇಷಿಯಾವನ್ನು 4-2ರಿಂದ ಸೋಲಿಸಿದ ಒಂದು ಪಂದ್ಯ ಮಾತ್ರ. ಮಿಕ್ಕ ನಾಲ್ಕರಲ್ಲೂ ಗೆಲ್ಲುವ ತಂಡವನ್ನು ಸರಿಯಾಗಿ ಊಹಿಸಿದವರು ಸಹ ಆ ಬಾಜಿಯಲ್ಲಿ ಸೋತರು. ಅಂತಿಮ ಪಂದ್ಯದಲ್ಲಿ ಎರಡು ತಂಡಗಳೂ ಸೋಲಿಗೆ ಅಂಜಿ ಆಡುತ್ತವೆ. ಸಮವಾಗುವ ಸಂಭವ ಹೆಚ್ಚು. ಮೊದಲು ಹೇಳಬೇಕಾಗಿದ್ದ ಈ ಮಾತನ್ನು ನಾವು ಆ ತರುಣನಿಗೆ ಹೇಳಿರಲಿಲ್ಲ.

ಇನ್ನು ದರದ ವಿಚಾರ. ನಮ್ಮ ವಾಚಕರಲ್ಲಿ ಗಲ್ಲೆಯ ಲೆಕ್ಕ ಬಲ್ಲವರೂ ಕಚೇರಿಯ ಲೆಡ್ಜರು ಬರೆಯುವವರೂ ಅನೇಕರಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇವೆ. ಲೆಕ್ಕ ಸುಲಭವಾಗಲೆಂದು ದರಗಳನ್ನು ಹೀಗಿಟ್ಟುಕೊಳ್ಳೋಣ: ಭಾರತ 1.80, ಸಮ 3.40, ಕುವೈತ್ 4.50. ಭಾರತದ ಮೇಲೆ ನೂರು ರೂಪಾಯಿ ಹೂಡಿ ಗೆದ್ದರೆ, ಹೂಡಿದ್ದೂ ಸೇರಿ ನೂರ ಎಂಬತ್ತು ಕೈಗೆ ಬರುತ್ತದೆ. ದರದಿಂದ ನೂರನ್ನು ಭಾಗಿಸಿದರೆ ಬುಕ್ಕಿಯ ಮನಸ್ಸಿನಲ್ಲಿರುವ ಸಂಭವ ಎಷ್ಟೆಂದು ತಿಳಿಯುತ್ತದೆ. ಭಾರತಕ್ಕೆ 55.6, ಸಮಕ್ಕೆ 29.4, ಕುವೈತಿಗೆ 22.2. ಈಗ ಮೂರನ್ನೂ ಕೂಡಿಸಿರಿ. ನೂರಾಗಬೇಕು, ಆಗುವುದು 107.2! ಲೋಕದಲ್ಲಿ ನೂರಕ್ಕೆ ನೂರೇಳರಷ್ಟು ಸಂಭವ ಎಲ್ಲಿಯೂ ಇಲ್ಲ. ಆ ಮೇಲಿನ ಏಳೇ ಬುಕ್ಕಿಯ ಊಟ.

ಇದನ್ನೇ ಹಣದಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾದೀತು. ಭಾರತದ ಮೇಲೆ 5,556 ರೂಪಾಯಿ, ಸಮದ ಮೇಲೆ 2,941, ಕುವೈತಿನ ಮೇಲೆ 2,222 ಬಂತೆನ್ನಿ. ಒಟ್ಟು ಜಮೆ 10,719. ಭಾರತ ಗೆದ್ದರೆ ಬುಕ್ಕಿ ಹಿಂದಿರುಗಿಸುವುದು ಸುಮಾರು ಹತ್ತು ಸಾವಿರ. ಸಮವಾದರೂ ಸುಮಾರು ಹತ್ತು ಸಾವಿರ. ಕುವೈತ್ ಗೆದ್ದರೂ ಅಷ್ಟೇ. ಏಳುನೂರಕ್ಕೂ ಮಿಕ್ಕಿ ಅವನ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಒಂದು ಕಡೆಗೆ ಹಣ ಹೆಚ್ಚಾಗಿ ಹರಿದರೆ ಆ ದರವನ್ನು ಇಳಿಸಿ, ಇನ್ನೊಂದನ್ನು ಏರಿಸಿ ತಕ್ಕಡಿಯನ್ನು ಸರಿಮಾಡುತ್ತಾನೆ. ಇಡ್ಲಿ ಹೋದರೂ ದೋಸೆ ಹೋದರೂ ಯಜಮಾನರಿಗೆ ಲಾಭವೆಂಬಂತೆ ಈ ವ್ಯಾಪಾರ. ಚೆಂಡು ಯಾವ ಬಲೆಗೆ ಬಿದ್ದರೂ ಅವನಿಗೆ ಚಿಂತೆಯಿಲ್ಲ. ಪಂದ್ಯವನ್ನು ಕುತೂಹಲದಿಂದ ನೋಡದಿರುವವನು ಆ ಇಡೀ ಕ್ರೀಡಾಂಗಣದಲ್ಲಿ ಅವನೊಬ್ಬನೇ ಇರಬೇಕು.

ಗ್ರಾಂಟ್ ರೋಡಿನ ಹಳಬರಿಗೆ ಈ ಲೆಕ್ಕ ಹೊಸದಲ್ಲ. ನ್ಯೂಯಾರ್ಕಿನ ಹತ್ತಿಯ ಧಾರಣೆಯ ಅಂಕಿಗಳ ಮೇಲೆ ಜೂಜಾಡುತ್ತಿದ್ದ ಈ ನಗರದಲ್ಲಿ, 1962ರಲ್ಲಿ ಕಲ್ಯಾಣಜಿ ಭಗತ್ ವರ್ಲಿಯ ಮಟ್ಕಾವನ್ನು ತೆರೆದನು. ಎರಡು ವರ್ಷಗಳ ತರುವಾಯ ರತನ್ ಖತ್ರಿಯ ಮಟ್ಕಾ ಬಂತು. ಮಡಕೆಯೊಳಗಿನಿಂದ ಚೀಟಿ ಎತ್ತುವ ಆ ಆಟದಲ್ಲಿ ಹತ್ತು ಅಂಕಿಗಳಲ್ಲೊಂದನ್ನು ಹಿಡಿದವನಿಗೆ ಒಂದಕ್ಕೆ ಒಂಬತ್ತರ ದರ. ಹತ್ತಕ್ಕೆ ಒಂಬತ್ತು, ಉಳಿದ ಒಂದು ಮಡಕೆಯ ಯಜಮಾನನದು. ಗಿರಣಿಯ ಕಾರ್ಮಿಕರಂತೆಯೇ ನಮ್ಮ ಹೋಟೆಲ್ ಬಂಧುಗಳೂ ಆ ಮಡಕೆಗೆ ತುಂಬಿದ ನೀರು ಕಡಮೆಯದಲ್ಲ. ಇಲ್ಲಿಂದ ಎರಡನೆಯ ನಿಲ್ದಾಣವಾದ ಮಹಾಲಕ್ಷ್ಮಿಯ ಕುದುರೆ ಪಂದ್ಯಕ್ಕೆ ಕಾನೂನಿನ ಒಪ್ಪಿಗೆಯುಂಟು; ಕಾಲ್ಚೆಂಡಿನ ಬಾಜಿಗಿಲ್ಲ. 1887ರ ಮುಂಬಯಿ ಜೂಜು ನಿಷೇಧ ಶಾಸನ ಅಂದಿನಿಂದಲೂ ಇದೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಶಾಸನವನ್ನು ತಂದಿತು. ಅಂಥ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ.

ಹಾಗಾದರೆ ಭವಿಷ್ಯ ನುಡಿಯುವುದೇ ವ್ಯರ್ಥವೇ? ನಾವು ಹಾಗೆನ್ನಲಾರೆವು. ಬಾಜಿ ಬೇರೆ, ಊಹೆ ಬೇರೆ. ಊಹೆಯಲ್ಲಿರುವ ಆನಂದವೆಲ್ಲ ಅದು ತಪ್ಪುವುದರಲ್ಲಿಯೇ ಇದೆ. ಕ್ರಿಕೆಟ್ಟಿನಲ್ಲಿ ನೂರಾರು ಓಟಗಳ ನಡುವೆ ಅದೃಷ್ಟದ ಪಾಲು ಕರಗಿಹೋಗುತ್ತದೆ. ಕಾಲ್ಚೆಂಡಿನಲ್ಲಿ ಹಾಗಲ್ಲ, 2022ರ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಬಿದ್ದ ಗೋಲುಗಳು 172, ಎಂದರೆ ಪಂದ್ಯಕ್ಕೆ ಮೂರೂ ಇಲ್ಲ. ಒಂದು ಗೋಲು ಅಡ್ಡಾದಿಡ್ಡಿಯಾಗಿ ಬಿದ್ದರೆ ಶ್ರೇಯಾಂಕದ ಶಾಸ್ತ್ರವೆಲ್ಲ ತಲೆಕೆಳಗು. ಆ ಕಪ್ಪನ್ನು ಗೆದ್ದ ಅರ್ಜೆಂಟೀನಾ ತನ್ನ ಮೊದಲನೆಯ ಪಂದ್ಯದಲ್ಲಿ ಸೌದಿ ಅರೇಬಿಯಾಕ್ಕೆ 2-1ರಿಂದ ಸೋತಿತ್ತು. 2010ರಲ್ಲಿ ಎಂಟಕ್ಕೆ ಎಂಟು ಪಂದ್ಯಗಳ ಫಲಿತಾಂಶವನ್ನು ಸರಿಯಾಗಿ ಸೂಚಿಸಿ ಜಗತ್ಪ್ರಸಿದ್ಧವಾದದ್ದು ಜರ್ಮನಿಯ ತೊಟ್ಟಿಯೊಂದರಲ್ಲಿದ್ದ ಅಷ್ಟಪದಿ. ಪಂಡಿತರು ಯಾರೂ ಅದರ ಸಮೀಪಕ್ಕೆ ಬರಲಿಲ್ಲ!

ನಮ್ಮವರ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮುಂಬಯಿಯ ರೋವರ್ಸ್ ಕಪ್ಪು ಬಹುಕಾಲ ಗೋರಾ ಪಲ್ಟನುಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್; ಮರುವರ್ಷವೂ ಅವರೇ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದನು. ಭಾರತ ಅಂದು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2-1ರಿಂದ ಸೋತಿತು. 1952ರಲ್ಲಿ ಯುಗೊಸ್ಲಾವಿಯ 10-1ರಿಂದ ನಮ್ಮನ್ನು ಮಣಿಸಿದಾಗ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನನದು. ಹತ್ತು ಗೋಲು ತಿಂದವರು ನಾಲ್ಕು ವರ್ಷಗಳ ಮೇಲೆ ಮೆಲ್ಬೋರ್ನಿನ ಉಪಾಂತ್ಯದಲ್ಲಿ ಅದೇ ಯುಗೊಸ್ಲಾವಿಯದ ಮುಂದೆ ನಿಂತಾಗ, ಮೊದಲನೆಯ ಗೋಲು ಹೊಡೆದದ್ದು ಭಾರತದ ನೆವಿಲ್ ಡಿಸೋಜಾ! ಆ ಗಳಿಗೆಯನ್ನು ಯಾವ ಬುಕ್ಕಿ ಕನಸಿನಲ್ಲಿ ಕಂಡಿದ್ದನು? ಕೊನೆಗೆ 4-1ರಿಂದ ಸೋತದ್ದು ಬೇರೆ ಮಾತು.

ದೂರವೇಕೆ, ನಮ್ಮ ಅಂಧೇರಿಯನ್ನೇ ನೋಡೋಣ. 1955ರಲ್ಲಿ ಕೂಪರೇಜಿನಲ್ಲಿ ಸೋವಿಯತ್ ರಷ್ಯದ ತಂಡ ಆಡಿದ ತರುವಾಯ ಅರುವತ್ತೊಂದು ವರ್ಷ ಮುಂಬಯಿಗೆ ಸ್ನೇಹಪರ ಅಂತರರಾಷ್ಟ್ರೀಯ ಪಂದ್ಯದ ಭಾಗ್ಯವಿರಲಿಲ್ಲ. 2016ರ ಸೆಪ್ಟೆಂಬರ್ 3ರಂದು ಪೋರ್ಟೊ ರಿಕೊ ಬಂದಿತು. ಅವರ ಶ್ರೇಯಾಂಕ 114, ನಮ್ಮದು 152. ಎಂಟನೆಯ ನಿಮಿಷದಲ್ಲಿಯೇ ಅವರು ಪೆನಾಲ್ಟಿಯಿಂದ ಮುಂದಾದಾಗ, ಕಾಗದದ ಪಂಡಿತರು ತಲೆಯಾಡಿಸಿರಬೇಕು. ಆಟ ಮುಗಿದಾಗ ಭಾರತ 4, ಪೋರ್ಟೊ ರಿಕೊ 1.

ತರುಣನ ಮೂರು ಸಾವಿರದ ವಿಷಯವನ್ನು ಹೇಳಿ ಮುಗಿಸುತ್ತೇವೆ. ನಮ್ಮ ನಾಲಿಗೆಯ ಪಾಲೂ ಅದರಲ್ಲಿದ್ದುದರಿಂದ ಅರ್ಧವನ್ನು ನಾವು ಕೊಡುವೆವೆಂದೆವು. ಆತನು ಒಪ್ಪಲಿಲ್ಲ. ಗಲ್ಲೆಯ ಯಜಮಾನರಿಂದ ಮುಂಗಡ ಪಡೆದು ಫೀಸನ್ನು ಕಳುಹಿಸಿ, ಮೂರು ತಿಂಗಳ ಸಂಬಳದಲ್ಲಿ ತೀರಿಸಿದನು. ಫೋನಿನಿಂದ ಆ ಆಟವನ್ನು ತಾನೇ ಅಳಿಸಿದನು.

2024ರ ಜೂನ್ 6ರಂದು ಕಲ್ಕತ್ತೆಯಲ್ಲಿ ಮತ್ತೆ ಅದೇ ಕುವೈತ್. ಸುನೀಲ್ ಛೇತ್ರಿಯ ಕೊನೆಯ ಅಂತರರಾಷ್ಟ್ರೀಯ ಪಂದ್ಯವೆಂದು ಆಗ ಸಾರಲಾಗಿದ್ದ ವಿದಾಯದ ಆಟ. ಹಿಂದಿನ ನವೆಂಬರಿನಲ್ಲಿ ಕುವೈತಿನಲ್ಲಿಯೇ ಅವರನ್ನು 1-0ರಿಂದ ಸೋಲಿಸಿದ್ದರಿಂದ ನಮ್ಮ ಮನಸ್ಸು ಉಬ್ಬಿತ್ತು. ಬಿಲ್ಲಿನ ಚೀಟಿಯ ಹಿಂಬದಿಯಲ್ಲಿ ನಾವು "ಭಾರತ 1-0" ಎಂದು ಬರೆದೆವು. "ನೀನೇನೆನ್ನುತ್ತೀ ತಮ್ಮಾ?" ಎಂದು ಕೇಳಿದರೆ ಆತನು ನಗುತ್ತಾ ಕೆಳಗೆ "ಸಮ" ಎಂದು ಬರೆದನು. ಪಣ ಒಂದು ಕಟಿಂಗ್ ಚಹಾ. ಪಂದ್ಯ 0-0.

ಮರುದಿನ ಸ್ಟೇಷನ್ನಿನ ಬಳಿಯ ಇರಾನಿಯಲ್ಲಿ ಕುಳಿತು ಚಹಾ ಕೊಡಿಸಿದೆವು. ಆತನು ಮೆಲ್ಲನೆ ಎರಡು ಬನ್ ಮಸ್ಕಾಗಳನ್ನೂ ಹೇಳಿದನು.