ಮೈಸೂರು ಜಿಲ್ಲೆಯಲ್ಲಿ ವರ್ಜೀನಿಯಾ ತಂಬಾಕಿನ ಹದಗೊಳಿಸುವಿಕೆ

ವರ್ಜೀನಿಯಾ ತಂಬಾಕಿನ ಹದಗೊಳಿಸುವಿಕೆಯು ಹಸಿ ತಂಬಾಕಿನ ಎಲೆಯನ್ನು ನಿಯಂತ್ರಿತ ಶಾಖ ಮತ್ತು ತೇವಾಂಶದಲ್ಲಿ ಹಳದಿಗೊಳಿಸಿ ಒಣಗಿಸುವ ವಿಧಾನವಾಗಿದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಕರ್ನಾಟಕದಲ್ಲಿ ಈ ಬೆಳೆಯ ಮುಖ್ಯ ಪ್ರದೇಶಗಳಾಗಿವೆ. ಎಲೆಯ ಬಣ್ಣ, ಪರಿಮಳ ಮತ್ತು ಬೆಲೆ ಬಹುಮಟ್ಟಿಗೆ ಹದಗೊಳಿಸುವ ಕೆಲವೇ ದಿನಗಳಲ್ಲಿ ನಿರ್ಧಾರವಾಗುತ್ತವೆ.

ಬೆಳೆ ಮತ್ತು ಕೊಯ್ಲು

ಇಲ್ಲಿನ ಹಗುರವಾದ ಕೆಂಪು ಮಣ್ಣಿನಲ್ಲಿ ತಂಬಾಕನ್ನು ಮುಖ್ಯವಾಗಿ ಮಳೆಯಾಶ್ರಿತ ಮುಂಗಾರು ಬೆಳೆಯಾಗಿ ಬೆಳೆಯಲಾಗುತ್ತದೆ. ಸಸಿಮಡಿಯಲ್ಲಿ ಬೆಳೆಸಿದ ಸಸಿಗಳನ್ನು ಮುಂಗಾರಿನ ಆರಂಭದ ಮಳೆಗೆ ನಾಟಿ ಮಾಡುತ್ತಾರೆ. ಗಿಡವನ್ನು ಒಮ್ಮೆಲೇ ಕಡಿಯುವುದಿಲ್ಲ. ಎಲೆಗಳು ಬುಡದಿಂದ ಮೇಲಕ್ಕೆ ಬಲಿಯುವುದರಿಂದ, ಬಲಿತ ಎರಡು-ಮೂರು ಎಲೆಗಳನ್ನು ಮಾತ್ರ ಆಗಾಗ ಮುರಿಯಲಾಗುತ್ತದೆ. ಮುರಿದ ಎಲೆಗಳನ್ನು ಕೋಲುಗಳಿಗೆ ಪೋಣಿಸಿ ಬ್ಯಾರನ್ ಎಂಬ ಎತ್ತರದ ಕೋಣೆಯಲ್ಲಿ ಸಾಲಾಗಿ ತೂಗುಹಾಕುತ್ತಾರೆ.

ಬ್ಯಾರನ್‌ನ ರಚನೆ

ಬ್ಯಾರನ್‌ನ ಒಲೆಯ ಬಾಯಿ ಹೊರಗಿರುತ್ತದೆ. ಒಲೆಯ ಬಿಸಿ ಗಾಳಿ ಮತ್ತು ಹೊಗೆ ಕೋಣೆಯ ತಳದಲ್ಲಿ ಹಾಯುವ ಲೋಹದ ಕೊಳವೆಗಳ ಮೂಲಕ ಸಾಗಿ ಹೊರಹೋಗುತ್ತವೆ. ಕೊಳವೆಗಳ ಶಾಖ ಮಾತ್ರ ಎಲೆಯನ್ನು ಮುಟ್ಟುತ್ತದೆ. ಆದ್ದರಿಂದ ಹೊಗೆಯ ವಾಸನೆ ಎಲೆಗೆ ಅಂಟುವುದಿಲ್ಲ. ತಳದ ಮತ್ತು ಮೇಲ್ಛಾವಣಿಯ ಗಾಳಿಕಿಂಡಿಗಳನ್ನು ತೆರೆದು ಮುಚ್ಚುವ ಮೂಲಕ ಒಳಗಿನ ತೇವಾಂಶವನ್ನು ನಿಯಂತ್ರಿಸಲಾಗುತ್ತದೆ.

ಹದಗೊಳಿಸುವ ಹಂತಗಳು

ಇಡೀ ಕ್ರಿಯೆಗೆ ಸಾಮಾನ್ಯವಾಗಿ 5ರಿಂದ 7 ದಿನಗಳು ಬೇಕು. ಇದರಲ್ಲಿ ಮೂರು ಮುಖ್ಯ ಹಂತಗಳಿವೆ.

* ಹಳದಿಗೊಳಿಸುವಿಕೆ: ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್ ಶಾಖ ಹಾಗೂ ಹೆಚ್ಚಿನ ತೇವಾಂಶದಲ್ಲಿ ಎಲೆ ಜೀವಂತವಾಗಿಯೇ ಇರುತ್ತದೆ. ಅದರ ಹರಿತ್ತು ಕರಗಿ ಹಳದಿ ಬಣ್ಣ ಮೇಲೇಳುತ್ತದೆ. ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ.
* ಬಣ್ಣ ನಿಲ್ಲಿಸುವಿಕೆ ಮತ್ತು ಎಲೆ ಒಣಗಿಸುವಿಕೆ: ಶಾಖವನ್ನು ನಿಧಾನವಾಗಿ ಏರಿಸಿ, ಕಿಂಡಿಗಳನ್ನು ತೆರೆದು ತೇವವನ್ನು ಹೊರಬಿಡಲಾಗುತ್ತದೆ. ಶಾಖ ಬೇಗ ಏರಿದರೆ ಎಲೆಯಲ್ಲಿ ಹಸಿರು ಉಳಿಯುತ್ತದೆ; ತೇವ ಹೊರಹೋಗುವುದು ತಡವಾದರೆ ಎಲೆ ಕಂದುತ್ತದೆ. ಎರಡೂ ಸಂದರ್ಭಗಳಲ್ಲಿ ದರ್ಜೆ ಇಳಿಯುತ್ತದೆ.
* ನಡುನರ ಒಣಗಿಸುವಿಕೆ: ಶಾಖವನ್ನು ಸುಮಾರು 70 ಡಿಗ್ರಿಯವರೆಗೆ ಏರಿಸಿ ದಪ್ಪನೆಯ ನಡುನರವನ್ನು ಒಣಗಿಸಲಾಗುತ್ತದೆ. ತೇವ ಉಳಿದರೆ ಸಂಗ್ರಹದಲ್ಲಿ ಬೂಷ್ಟು ಹಿಡಿಯುತ್ತದೆ.

ಬೆಂಕಿ ಆರದಂತೆ ಮತ್ತು ಮಿತಿಮೀರದಂತೆ ಹಗಲೂ ರಾತ್ರಿ ಕಾಯುವುದು ಅಗತ್ಯ. ಒಣಗಿದ ಎಲೆ ಕೋಣೆಗೆ ಬಿದ್ದು ಕೊಳವೆಯ ಮೇಲೆ ಉರಿದರೆ ಬ್ಯಾರನ್ ಸಹಿತ ಸುಟ್ಟುಹೋಗುವ ಅಪಾಯವಿದೆ.

ಮಾರಾಟ ಮತ್ತು ಪಕ್ವತೆ

ಹೊರತೆಗೆದ ಎಲೆಯನ್ನು ರಾಶಿಹಾಕಿ, ಬಣ್ಣ ಮತ್ತು ಗುಣಕ್ಕೆ ತಕ್ಕಂತೆ ವಿಂಗಡಿಸಿ ಹೊರೆ ಕಟ್ಟಲಾಗುತ್ತದೆ. 1975ರ ಕಾಯಿದೆಯನ್ವಯ 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು ಬೆಳೆಗಾರರನ್ನು ಹಾಗೂ ಬ್ಯಾರನ್‌ಗಳನ್ನು ನೋಂದಾಯಿಸುತ್ತದೆ. ಕರ್ನಾಟಕದಲ್ಲಿ ಮಂಡಳಿಯ ಹರಾಜು ವ್ಯವಸ್ಥೆ 1984ರಲ್ಲಿ ಆರಂಭವಾಯಿತು. ಪಿರಿಯಾಪಟ್ಟಣ, ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಹರಾಜು ಮಾರುಕಟ್ಟೆಗಳಿವೆ.

ಎಲೆಯ ಬದಲಾವಣೆ ಹರಾಜಿನೊಂದಿಗೆ ನಿಲ್ಲುವುದಿಲ್ಲ. ಖರೀದಿದಾರರು ನಡುನರವನ್ನು ಬೇರ್ಪಡಿಸಿ, ತೇವಾಂಶವನ್ನು ಸಮಗೊಳಿಸಿ ಗೋದಾಮಿನಲ್ಲಿ ಒಂದೆರಡು ವರ್ಷ ಇರಿಸುತ್ತಾರೆ. ಅಲ್ಲಿ ಎಲೆ ನಿಧಾನವಾಗಿ ಪಕ್ವವಾಗುತ್ತದೆ: ಬಣ್ಣ ಗಾಢವಾಗುತ್ತದೆ, ಹಸಿ ಖಾರ ಇಳಿಯುತ್ತದೆ. ಈ ಪಕ್ವತೆಯಿಂದ ಹೆಚ್ಚುವ ಮೌಲ್ಯವು, ಹದಗೊಳಿಸಿದ ಎಲೆಯನ್ನು ಅದೇ ಹಂಗಾಮಿನಲ್ಲಿ ಮಾರುವ ಬೆಳೆಗಾರನಿಗೆ ದೊರೆಯುವುದಿಲ್ಲ.

ಪರಿಸರ ಮತ್ತು ಆರೋಗ್ಯ

ಸಾಂಪ್ರದಾಯಿಕ ಬ್ಯಾರನ್‌ನಲ್ಲಿ ಒಂದು ಕಿಲೋಗ್ರಾಂ ಹದಗೊಂಡ ಎಲೆಗೆ ಹಲವು ಕಿಲೋಗ್ರಾಂ ಸೌದೆ ಉರಿಯುತ್ತದೆ. ನಾಗರಹೊಳೆ ಅರಣ್ಯದ ಅಂಚಿನಲ್ಲಿರುವ ತಾಲ್ಲೂಕುಗಳಲ್ಲಿ ಇದು ಮುಖ್ಯ ಚಿಂತೆಯಾಗಿದೆ. ಛಾವಣಿಗೆ ಶಾಖನಿರೋಧಕ ಹೊದಿಕೆ ಹಾಗೂ ಸುಧಾರಿತ ಒಲೆಗಳಿಂದ ಸೌದೆಯ ಬಳಕೆಯನ್ನು ತಗ್ಗಿಸಬಹುದು. ಒದ್ದೆಯಾದ ಹಸಿ ಎಲೆ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ದೇಹ ಸೇರಿ ವಾಕರಿಕೆ, ವಾಂತಿ, ತಲೆಸುತ್ತು ಉಂಟಾಗಬಹುದು. ಕೈಗವಸು ಮತ್ತು ಒಣ ಉಡುಪು ಇದನ್ನು ತಡೆಯಲು ನೆರವಾಗುತ್ತವೆ. ತಂಬಾಕು ಸೇವನೆಯು ಕ್ಯಾನ್ಸರ್ ಹಾಗೂ ಹೃದ್ರೋಗಕ್ಕೆ ಕಾರಣವಾಗುತ್ತದೆ. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತವು 2004ರಲ್ಲಿ ಅನುಮೋದಿಸಿತು. ಈ ಒಪ್ಪಂದವು ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸುವುದಕ್ಕೂ ಉತ್ತೇಜನ ನೀಡುತ್ತದೆ.