ಒಂದೇ ಔಷಧ, ಬೇರೆ ಬೇರೆ ತೂಕ

1952ರಲ್ಲಿ ಪ್ಯಾರಿಸ್ ನಗರದಲ್ಲಿ ಡಲೇ ಮತ್ತು ಡೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಉದ್ರೇಕವಿಳಿಯಿತು, ಭ್ರಾಂತಿ ಕಡಮೆಯಾಯಿತು. ಆದರೆ ಕ್ರಮೇಣ ಇನ್ನೊಂದು ಸಂಗತಿಯೂ ವೈದ್ಯರ ಗಮನಕ್ಕೆ ಬಂದಿತು. ರೋಗಿಗಳಲ್ಲಿ ಹಲವರು ದಪ್ಪವಾಗತೊಡಗಿದ್ದರು. ಅನಂತರ ಬಂದ ಕ್ಲೋಜಪೀನ್, ಒಲಾಂಜಪೀನ್‌ಗಳಲ್ಲಿ ಈ ದೋಷ ಎದ್ದು ಕಾಣುವಂತಹುದು. ಹಲವು ಅಧ್ಯಯನಗಳನ್ನು 1999ರಲ್ಲಿ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಇವನ್ನು ಸೇವಿಸಿದವರ ತೂಕ ಹತ್ತು ವಾರಗಳಲ್ಲಿ ಸರಾಸರಿ 4 ಕಿಲೋಗ್ರಾಮಿಗೂ ಮಿಕ್ಕಿ ಏರುವುದೆಂದು ತಿಳಿದುಬಂದಿತು.

ಸರಾಸರಿ ಎಂಬ ಮಾತಿಗೆ ನಾವು ಮೋಸಹೋಗಬಾರದು. ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರಲ್ಲಿ ಒಬ್ಬನ ಅಂಗಿ ಎರಡು ತಿಂಗಳಲ್ಲಿ ಬಿಗಿಯಾಗುವುದು. ಮತ್ತೊಬ್ಬನ ತೂಕ ಕದಲುವುದೇ ಇಲ್ಲ. ಮೊದಲನೆಯವನನ್ನು ಮನೆಯವರು ತಿಂಡಿಪೋತನೆಂದು ಹಂಗಿಸುವರು. ನಾಚಿಕೆಯಿಂದ ಆತ ಔಷಧವನ್ನೇ ಬಿಟ್ಟರೆ ಅಡಗಿದ್ದ ರೋಗ ಮರಳಿ ಬರಬಹುದು. ಆದುದರಿಂದ ಈ ವ್ಯತ್ಯಾಸದ ಕಾರಣವನ್ನು ಹುಡುಕುವುದು ಬರಿಯ ಕುತೂಹಲದ ಮಾತಲ್ಲ.

ಕಾರಣದ ಒಂದು ಎಳೆ ಮೆದುಳಿನಲ್ಲಿದೆ. ಸಿರೊಟೋನಿನ್ ಎಂಬ ರಾಸಾಯನಿಕ ವಸ್ತುವು ನರಕೋಶದಿಂದ ನರಕೋಶಕ್ಕೆ ಸುದ್ದಿ ಒಯ್ಯುವುದು. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಕೋಶದ ಹೊರಮೈಯಲ್ಲಿವೆ. ಅವುಗಳಲ್ಲಿ '2ಸಿ' ಎಂಬ ಬಗೆಯದು, ಹೊಟ್ಟೆ ತುಂಬಿತು, ಇನ್ನು ಸಾಕು, ಎಂಬ ಅರಿವಿಗೆ ನೆರವಾಗುವುದು. ಈ ಗ್ರಾಹಕವೇ ಇಲ್ಲದಂತೆ ಬೆಳೆಸಿದ ಇಲಿಗಳು ಅತಿಯಾಗಿ ತಿಂದು ಕೊಬ್ಬಿದುದು 1995ರಲ್ಲಿ ವರದಿಯಾಯಿತು. ಮೇಲೆ ಹೇಳಿದ ಔಷಧಗಳು ಇದೇ ಗ್ರಾಹಕಕ್ಕೆ ತಡೆಯೊಡ್ಡುವುವು. (ಹಿಸ್ಟಮಿನ್ ಗ್ರಾಹಕಕ್ಕೂ ಹಾಗೆಯೇ; ನೆಗಡಿಯ ಕೆಲವು ಗುಳಿಗೆಗಳನ್ನು ನುಂಗಿದಾಗ ನಮಗೆ ತೂಕಡಿಕೆ ಬರುವುದೂ ಆ ತಡೆಯಿಂದಲೇ.)

'2ಸಿ' ಗ್ರಾಹಕದ ರಚನೆಯನ್ನು ನಿರ್ದೇಶಿಸುವ ವಂಶವಾಹಿಯು ಎಕ್ಸ್ ವರ್ಣತಂತುವಿನ ಮೇಲಿದೆ. ವಂಶವಾಹಿಗಳೆಲ್ಲವೂ ಡಿಎನ್ಎ ಎಂಬ ವಸ್ತುವಿನಲ್ಲಿ ನಾಲ್ಕೇ ಅಕ್ಷರಗಳಿಂದ ಬರೆದ ಬರಹವೆನ್ನಬಹುದು. ಈ ವಂಶವಾಹಿಯ ಆರಂಭಕ್ಕೆ ಮುಂಚೆ, ಒಂದು ನಿರ್ದಿಷ್ಟ ಸ್ಥಾನದಲ್ಲಿ, ಹೆಚ್ಚಿನವರಿಗೆ 'ಸಿ' ಎಂಬ ಅಕ್ಷರವಿದ್ದರೆ ಕೆಲವರಿಗೆ 'ಟಿ' ಇರುವುದು. 2002ರಲ್ಲಿ ರೆನಾಲ್ಡ್ಸ್ ಮತ್ತು ಅವರ ಸಂಗಡಿಗರು ಚೀನದ 123 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಹತ್ತು ವಾರಗಳ ಚಿಕಿತ್ಸೆಯಲ್ಲಿ 'ಟಿ' ಉಳ್ಳವರ ತೂಕ ಉಳಿದವರಷ್ಟು ಏರಿರಲಿಲ್ಲ. ಒಂದಕ್ಷರದ ಅಂತರ!

ಆದರೂ ಆ ಒಂದಕ್ಷರವೇ ಎಲ್ಲವನ್ನೂ ನಿರ್ಣಯಿಸದು. ಮುಂದೆ ನಡೆದ ಪರೀಕ್ಷೆಗಳೆಲ್ಲವೂ ಒಂದೇ ಉತ್ತರವನ್ನು ಕೊಡಲಿಲ್ಲ. ಹಸಿವನ್ನು ಹತೋಟಿಯಲ್ಲಿಡುವ ಎಂಸಿ4ಆರ್ ಎಂಬ ವಂಶವಾಹಿಯ ಬಳಿ 2012ರಲ್ಲಿ ಇನ್ನೊಂದು ವ್ಯತ್ಯಾಸ ದೊರೆಯಿತು. ಇಂತಹವು ಹಲವಿದ್ದು, ಒಂದೊಂದರ ಪಾಲೂ ಸಣ್ಣದೆಂದು ತೋರುತ್ತದೆ. ಹೀಗಾಗಿ ವೈದ್ಯರಿಗೆ ಇಂದಿಗೂ ರಕ್ತಪರೀಕ್ಷೆಗಿಂತ ತಕ್ಕಡಿಯೇ ಹೆಚ್ಚು ನೆಚ್ಚಿನದು. ಔಷಧವನ್ನು ಆರಂಭಿಸುವಾಗಲೇ ತೂಕವನ್ನು ಬರೆದಿಡಬೇಕು. ಮೊದಲ ವಾರಗಳಲ್ಲಿಯೇ ಅದು ಏರಿದರೆ ವೈದ್ಯರು ಬೇರೆ ಔಷಧಕ್ಕೆ ಬದಲಾಯಿಸುವುದುಂಟು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ಜೊತೆಗೆ ಸೇರಿಸುವುದೂ ಉಂಟು.